ಮಡಚಿ ಹೊಲಿದ ಅಂಚು

ದರ್ಜಿಗೆ ಮೂಗಿನ ತುದಿಯಲ್ಲೇ ಸಿಟ್ಟು. ಹೆಂಡತಿಯ ವಿಷಯ ಬಂತೆಂದರೆ ಮುಗಿದೇ ಹೋಯಿತು. ಅವಳು ಊರಿನ ಚರ್ಚಿಗೆ ಬಂದ ಮೊದಲ ಪಾಸ್ಟರಮ್ಮ. ಅದುವರೆಗೆ ಬಂದವರೆಲ್ಲ ಗಂಡಸರು. ಕೊನೆಯವರಂತೂ ಬಾಗಿಲಲ್ಲಿ ತಲೆ ತಗ್ಗಿಸಿ ಒಳಬರುವಷ್ಟು ಎತ್ತರದ ಆಳು. ಅವರು ಬಿಟ್ಟುಹೋದ ಕಪ್ಪು ನಿಲುವಂಗಿಯನ್ನು ಸಭೆಯ ಹಿರಿಯರೊಬ್ಬರು ಅಂಗಡಿಗೆ ತಂದು ಮೇಜಿನ ಮೇಲಿಟ್ಟರು. ಪಾಸ್ಟರಮ್ಮನ ಅಳತೆಗೆ ಗಿಡ್ಡ ಮಾಡಬೇಕು, ಆದರೆ ಕತ್ತರಿ ಹಾಕಕೂಡದು ಎಂದರು.

"ಅಂಚು ಮಡಚಿ ಹೊಲೀರಿ, ಸಾಕು. ನಾಳೆ ಸರಿಯಾದ ಪಾಸ್ಟರು ಬಂದ್ರೆ ಬಿಚ್ಚಿ ಕೊಡಬಹುದು."

ಸರಿಯಾದ ಪಾಸ್ಟರಂತೆ! ದರ್ಜಿಗೆ ಮೈಯೆಲ್ಲ ಉರಿದುಹೋಯಿತು. ಮನೆಗೆ ಬಂದು ಹೇಳಿದರೆ ಹೆಂಡತಿ ನಕ್ಕುಬಿಟ್ಟಳು. ಅವಳು ನಕ್ಕದ್ದಕ್ಕೆ ಇವನಿಗೆ ಇನ್ನಷ್ಟು ಕೋಪ. ಬಿಚ್ಚುವುದಕ್ಕೇ ಹೊಲಿಸುತ್ತಿದ್ದಾರೆ ತಾನೇ, ಬಿಚ್ಚಲಿ ಎಂದುಕೊಂಡು ಬರೀ ಕಚ್ಚಾ ಹೊಲಿಗೆ ಹಾಕಿ ಕೊಟ್ಟ. ಸಿಟ್ಟಿನ ಕೈಗೆ ಬುದ್ಧಿ ಎಲ್ಲಿಂದ ಬರಬೇಕು?

ಪಾಸ್ಟರಮ್ಮನಿಗೆ ಅಂಗಿಯ ಬಗ್ಗೆ ಯೋಚಿಸಲು ಪುರುಸೊತ್ತೇ ಇರಲಿಲ್ಲ. ಜೈಲಿನ ಹೆಂಗಸರ ಬಳಿ ಕೂತು ಅವರು ಬಿಟ್ಟುಬಂದ ಮಕ್ಕಳ ಕತೆ ಕೇಳುತ್ತಿದ್ದಳು. ಒಂದು ಗೋಡೆಗಾಗಿ ಮಾತು ಬಿಟ್ಟ ಅಣ್ಣತಮ್ಮಂದಿರನ್ನು ಒಂದೇ ಬೆಂಚಿನಲ್ಲಿ ಕೂರಿಸಿ, ಮಾತಾಡುವವರೆಗೆ ಎದ್ದು ಹೋಗಲು ಬಿಡಲಿಲ್ಲ. ಅಡುಗೆಮನೆ ಗಂಡನ ಪಾಲಿಗೆ ಬಂತು. ಜನ ಅವನನ್ನು ಪಾಸ್ಟರಮ್ಮನ ಗಂಡ ಎಂದೇ ಕರೆಯತೊಡಗಿದಾಗ, ಬಿರುದು ಸಿಕ್ಕವನಂತೆ ಎದೆಯುಬ್ಬಿಸಿ ನಡೆದ.

ಅಷ್ಟರಲ್ಲಿ ಹಿರಿಯರ ಹೆಂಡತಿ ಹಾಸಿಗೆ ಹಿಡಿದರು. ಪಾಸ್ಟರಮ್ಮ ದಿನಾ ಹೋಗಿ ಮೈ ಒರೆಸಿ, ತಲೆ ಬಾಚಿ, ಕೀರ್ತನೆ ಓದಿ ಬರುತ್ತಿದ್ದಳು. ಆ ತಾಯಿ ಬೇರೆ ಯಾರಿಗೂ ತಮ್ಮ ಕೂದಲು ಮುಟ್ಟಗೊಡುತ್ತಿರಲಿಲ್ಲ. ಕೊನೆಯುಸಿರು ಎಳೆದದ್ದೂ ಪಾಸ್ಟರಮ್ಮನ ಕೈ ಹಿಡಿದುಕೊಂಡೇ. ಹಿರಿಯರು ಬಾಗಿಲಲ್ಲಿ ನಿಂತು ಅದನ್ನೆಲ್ಲ ನೋಡಿದರು.

ಸಮಾಧಿಯ ಹತ್ತಿರ ಪ್ರಾರ್ಥನೆ ನಡೆಯುತ್ತಿರುವಾಗಲೇ ಅಂಚಿನ ಹೊಲಿಗೆ ಬಿಟ್ಟಿತು. ಬಟ್ಟೆ ಪೂರ್ತಿ ಕಾಲ ಕೆಳಗೆ ಇಳಿದು, ಪಾಸ್ಟರಮ್ಮ ಒದ್ದೆ ಮಣ್ಣಿನಲ್ಲಿ ಮುಗ್ಗರಿಸಿದಳು. ದರ್ಜಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಭೂಮಿ ಅಲ್ಲಿ ಆಗಲೇ ಬಾಯಿ ಬಿಟ್ಟುಕೊಂಡಿತ್ತು, ಇವನಿಗಾಗಿ ಅಲ್ಲ ಅಷ್ಟೇ. ತನ್ನ ಹಟಕ್ಕೆ ಎಲ್ಲರ ಮುಂದೆ ಹೆಂಡತಿಯನ್ನು ಬೀಳಿಸಲು ಹೊರಟಿದ್ದೆನಲ್ಲ ಎಂದು ನಾಚಿದ. ಅವಳು ಮಾತ್ರ ಒಂದು ಕೈಯಲ್ಲಿ ಅಂಗಿ ಎತ್ತಿ ಹಿಡಿದು, ಧ್ವನಿ ನಡುಗದೆ, ಪುನರುತ್ಥಾನದ ಮಾತನ್ನು ಕೊನೆಯವರೆಗೆ ಹೇಳಿದಳು. ಮಣ್ಣು ಮೆತ್ತಿದ ಆ ಹೆಣ್ಣು ತನ್ನವಳೆಂಬ ಹೆಮ್ಮೆಯಲ್ಲಿ ದರ್ಜಿಗೆ ನಾಚಿಕೆಯೂ ಮರೆತುಹೋಯಿತು.

ಕೆಲವು ದಿನ ಕಳೆದು ಹಿರಿಯರು ಅದೇ ನಿಲುವಂಗಿಯನ್ನು ತಾವೇ ಒಗೆದು ಅಂಗಡಿಗೆ ತಂದರು. ಪಾಸ್ಟರಮ್ಮನೂ ಅಲ್ಲೇ ಇದ್ದಳು.

"ಕತ್ತರಿ ಹಾಕಿಬಿಡಿ. ನಮ್ಮ ಪಾಸ್ಟರು ಇವರೇ."

ದರ್ಜಿ ಇದೇ ಮಾತಿಗಾಗಿ ಕಾದಿದ್ದವನು. ಎಲ್ಲಿ ಮನಸ್ಸು ಬದಲಾಯಿಸುತ್ತಾರೋ ಎಂದು ಗಡಿಬಿಡಿಯಲ್ಲಿ ಗುರುತು ಹಾಕಿ ಕತ್ತರಿ ಎತ್ತಿದ. ಹೆಂಡತಿ ಬಟ್ಟೆಯ ಮೇಲೆ ಕೈ ಇಟ್ಟಳು.

"ಬೇಡ ರೀ. ಮಡಚಿಯೇ ಹೊಲೀರಿ, ಆದ್ರೆ ಈ ಸಲ ಗಟ್ಟಿಯಾಗಿ. ನನ್ನ ನಂತರ ಬರೋಳು ಎತ್ತರ ಇದ್ರೆ?"

ಹಿರಿಯರು ಕುರ್ಚಿ ಎಳೆದು ಕೂತು, ಮೊಮ್ಮಗಳು ಪಾಸ್ಟರಾಗಲು ಓದುತ್ತೇನೆಂದು ವರ್ಷದಿಂದ ಹಟ ಹಿಡಿದಿದ್ದಾಳೆ, ತಾನೇ ಬೈದು ಸುಮ್ಮನಾಗಿಸಿದ್ದೆ ಎಂದರು.

"ಇವತ್ತೇ ಹೋಗಿ ಅವಳಿಗೆ ಹೂಂ ಅಂತೀನಿ," ಎಂದು ಕಣ್ಣೊರೆಸಿಕೊಂಡರು. "ಅವಳು ನನಗಿಂತ ಉದ್ದ ಇದ್ದಾಳಮ್ಮ."