ಐಸ್ ಕಾರ್ಖಾನೆಯ ಕೋಟು

ಆ ವೃದ್ಧಾಶ್ರಮವನ್ನು ಕಟ್ಟಿಸಿದವರು ಸೆಕೆಯೊಂದನ್ನೇ ಶತ್ರುವೆಂದು ತಿಳಿದಿದ್ದರು. ಗೋಡೆಯ ಮೇಲ್ಭಾಗದಲ್ಲೆಲ್ಲ ಗಾಳಿಗಂಡಿ. ಕಿಟಕಿಗಳಿಗೆ ಬಾಗಿಲಿಲ್ಲ, ಬರೀ ತಂತಿಬಲೆ. ಮಂಚಕ್ಕೊಂದು ತೆಳು ಹೊದಿಕೆ. ಅಂಥ ಸೆಕೆಯ ಊರಿಗೆ ಆ ವರ್ಷ ಯಾರೂ ಕಂಡು ಕೇಳರಿಯದ ಚಳಿ ಬಂತು. ಗಂಡಿಗಳಿಗೆ ಹಳೆಯ ಪೇಪರು ತುರುಕಿದರೆ ಗಾಳಿ ಅದನ್ನು ಓದಿ ಮುಗಿಸಿದವರ ಹಾಗೆ ಒಳಗೆ ಎಸೆಯುತ್ತಿತ್ತು. ಊಟದ ಕೋಣೆಯಲ್ಲಿ ಮಾತಿಗಿಂತ ಕೆಮ್ಮೇ ಹೆಚ್ಚಾಯಿತು.

ಕೊನೆಯ ಕೋಣೆಯಲ್ಲಿ ಅತ್ತಿಗೆ ನಾದಿನಿಯರಿದ್ದರು. ಇಬ್ಬರೂ ಹಣ್ಣು ಹಣ್ಣು ಮುದುಕಿಯರು. ಅವರನ್ನು ಒಂದು ಮಾಡಿದ್ದ ಜೀವ, ನಾದಿನಿಯ ಅಣ್ಣ, ತೀರಿಕೊಂಡು ಬಹಳ ಕಾಲವಾಗಿತ್ತು. ಅವನು ಐಸ್ ಕಾರ್ಖಾನೆಯಲ್ಲಿ ದುಡಿದವನು. ಮಂಜುಗಡ್ಡೆಗಳನ್ನು ಪೇರಿಸುವ ಕೋಣೆಗೆ ಹೋಗುವಾಗ ತೊಡುತ್ತಿದ್ದ ದಪ್ಪ ಉಣ್ಣೆಯ ಕೋಟು ಅತ್ತಿಗೆಯ ಪೆಟ್ಟಿಗೆಯಲ್ಲಿತ್ತು. ಇಡೀ ಆಶ್ರಮದಲ್ಲಿ ಉಣ್ಣೆಯೆಂಬುದು ಅದೊಂದೇ.

ಸಂಜೆ ಅತ್ತಿಗೆಯೇ ಅದನ್ನು ತೆಗೆದು ನಾದಿನಿಯ ಮಡಿಲಿಗೆ ಹಾಕಿದಳು.

"ಹಾಕ್ಕೊಳ್ಳೇ. ನಿಮ್ಮಣ್ಣಂದು."

"ನನಗ್ಯಾಕೆ ಅತ್ತಿಗೆ? ಕೈ ಹಿಡಿದೋರು ನೀವು."

"ಒಡಹುಟ್ಟಿದೋಳು ನೀನು. ನಾನು ಮನೆಗೆ ಬಂದ ದಿನವೇ ಹೇಳಿದ್ಯಲ್ಲ, ಅಣ್ಣ ಮೊದಲು ನನ್ನೋನು ಅಂತ."

"ಅದನ್ನಿನ್ನೂ ಇಟ್ಕೊಂಡಿದ್ದೀರಾ! ಕೋಟಿಗಿಂತ ಆ ಮಾತನ್ನೇ ಜೋಪಾನ ಮಾಡಿದ್ದೀರಿ."

ಅತ್ತಿಗೆ ನಕ್ಕಳು. ನಗು ಕೆಮ್ಮಾಯಿತು, ತುಟಿ ನೀಲಿಗಟ್ಟಿತು. ಈ ಎದೆ ಇಂಥ ಚಳಿ ತಡೆಯದು, ಬೆಚ್ಚಗಿಡಿ ಎಂದು ಡಾಕ್ಟರು ಬೆಳಿಗ್ಗೆಯಷ್ಟೇ ಹೇಳಿ ಹೋಗಿದ್ದರು. ನಾದಿನಿ ಎದ್ದು ಕೋಟನ್ನು ಅತ್ತಿಗೆಯ ಹೆಗಲಿಗೆ ಹೊದಿಸಿದಳು. ಅತ್ತಿಗೆ ಕೊಡವಿ ಹಾಕಿದಳು.

"ನೀನು ಗಡಗಡ ನಡುಗ್ತಿರುವಾಗ ನಾನು ಬೆಚ್ಚಗೆ ಕೂರ್ಲಾ? ಮೇಲೆ ಹೋದ್ಮೇಲೆ ಅವರಿಗೇನು ಹೇಳ್ಲಿ?"

"ನನ್ನನ್ನ ಕೇಳಲ್ವಾ ಅಣ್ಣ?"

"ನಿನ್ನ ಮೇಲೆ ಅವರು ಯಾವತ್ತು ರೇಗಿದ್ರು? ಬೈಸ್ಕೊಂಡೋಳು ನಾನು."

ಇಬ್ಬರೂ ಸೇರಿ ಹೊದೆಯುವಂತೆಯೂ ಇರಲಿಲ್ಲ. ಮಂಚ ಒಂದೇ ಮೈಯಗಲ, ಮೇಲಾಗಿ ಅತ್ತಿಗೆಗೆ ಮಲಗಿದರೆ ಉಸಿರು ಸಿಗದು, ದಿಂಬಿಗೊರಗಿ ಕೂತೇ ನಿದ್ದೆ. ಇಬ್ಬರ ಹಠಕ್ಕೆ ಸಿಕ್ಕ ಕೋಟು ಕೊನೆಗೆ ನಡುವಿನ ಕುರ್ಚಿಯ ಮೇಲೆ ಕೂತಿತು. ದೀಪ ಆರಿಸಲು ಬಂದ ಆಯಾ ನಿಂತು ನೋಡಿದಳು.

"ಅಜ್ಜಿಗಳೇ, ಚಳಿ ನಿಮಗೋ ಕುರ್ಚಿಗೋ?"

ದೀಪ ಆರಿಸಿ ಹೋದಳು. ಅತ್ತಿಗೆಗೆ ಕಣ್ಣು ಹತ್ತಲಿ, ಮೆಲ್ಲಗೆ ಹೊದಿಸಿಬಿಡುತ್ತೇನೆ ಎಂದುಕೊಂಡು ನಾದಿನಿ ದೇವರ ನಾಮ ಹೇಳುತ್ತ ಕಾದಳು. ಹೇಳುತ್ತ ಹೇಳುತ್ತ ಅವಳ ಕಣ್ಣೇ ಮುಚ್ಚಿತು.

ಬೆಳಕು ಹರಿಯುವಾಗ ಎಚ್ಚರವಾಯಿತು. ಮೈ ಹಿತವಾಗಿತ್ತು. ಎಷ್ಟೋ ದಿನಗಳ ಮೇಲೆ ಕಾಲು ಬೆಚ್ಚಗಿತ್ತು. ನಾದಿನಿ ಮೈಮೇಲೆ ಕೈಯಾಡಿಸಿದಳು. ಕೋಟು ಅವಳ ಮೇಲಿತ್ತು, ಗಲ್ಲದವರೆಗೆ ಎಳೆದು, ಅಂಚನ್ನು ಹಾಸಿಗೆಯಡಿ ಸಿಕ್ಕಿಸಿ.

ಅತ್ತಿಗೆ ದಿಂಬಿಗೊರಗಿ ಕೂತಿದ್ದಳು. ನಾದಿನಿ ಕರೆದಳು. ಮುಟ್ಟಿದಳು. ಆ ತಣುಪು ಚಳಿಯದಾಗಿರಲಿಲ್ಲ.

ಆಯಾ ಓಡಿ ಬಂದಾಗ ನಾದಿನಿ ಕೋಟನ್ನು ಅತ್ತಿಗೆಗೆ ತೊಡಿಸುತ್ತಿದ್ದಳು.

"ಅಜ್ಜಿ, ಇನ್ನವರಿಗೆ ಯಾಕೆ? ನೀವು ಹಾಕ್ಕೊಳ್ಳಿ."

"ಸುಮ್ನಿರೇ. ಈಗ ಬೇಡ ಅನ್ನಲ್ಲ ಅವರು. ಆ ಕಡೆಯಿಂದ ಹಿಡ್ಕೋ."

ಆಯಾ ಹಿಡಿದಳು. ನಾದಿನಿ "ದೇವರೇ, ದೇವರೇ" ಎನ್ನುತ್ತ ಒಂದೊಂದೇ ಬೆರಳನ್ನು ಬಿಡಿಸಿ ತಳ್ಳಿದಳು, ಎಳೆದಳು, ಮತ್ತೆ ತಳ್ಳಿದಳು. ಸೆಟೆದ ಕೈ ಕೋಟಿನ ತೋಳಿನೊಳಗೆ ಇಳಿಯಲಿಲ್ಲ.