ಕೊಳವೆಬಾವಿಯ ಹಲಗೆ

ಗಿಳಿಗಳು ಕೊಳವೆಬಾವಿಯ ನೀರಿನ ತೊಟ್ಟಿಯ ಕಡೆ ಬರುವುದನ್ನೇ ಬಿಟ್ಟಿದ್ದವು. ಮರುಭೂಮಿಯ ನಡುವಿನ ಯಾರಂಗ ಎಂಬ ಆ ಊರಿನಲ್ಲಿ ಅದನ್ನು ಮೊದಲು ಗಮನಿಸಿದವಳು ಐವಿ, ಡೆಲ್ಮಾಳ ತಾಯಿಯ ಅಕ್ಕ.

"ಬೇರೆಲ್ಲೋ ಮಳೆ ಬಿದ್ದಿರಬೇಕು ದೊಡ್ಡಮ್ಮ," ಎಂದಳು ಡೆಲ್ಮಾ.

"ಮಳೆ ಬಿದ್ದಿದ್ರೆ ನಂಗೆ ವಾಸನೆ ಬರ್ತಿರ್ಲಿಲ್ವಾ? ಪುಸ್ತಕ ಬರೆದೂ ಬರೆದೂ ನಿನ್ ಮೂಗು ಸತ್ತೋಗಿದೆ ಕಣೆ."

ಡೆಲ್ಮಾ ನಕ್ಕಳು. ಈ ಕೆಂಪು ಮರಳಿನಲ್ಲೇ ಹುಟ್ಟಿದವಳು ಅವಳು. ತಾಯಿಯ ಭಾಷೆ ಆಡಿದ್ದಕ್ಕೆ ಮಿಷನ್ ಶಾಲೆಯಲ್ಲಿ ಸೋಪು ಹಾಕಿ ಬಾಯಿ ತೊಳೆಸಿಕೊಂಡಿದ್ದಳು. ಮುಂದೆ ಅದೇ ಭಾಷೆಯಲ್ಲಿ ಮಕ್ಕಳ ಕಥೆ ಬರೆದು ಹೆಸರಾದಳು. ಮರುಭೂಮಿಯ ಶಾಲೆಶಾಲೆಗೆ ಪುಸ್ತಕ ಹೊತ್ತು ತಿರುಗಿದಳು. ಮಕ್ಕಳು ಓದಬೇಕಾದರೆ ಅಜ್ಜಿಯರಿಗೂ ಅಕ್ಷರ ಬರಬೇಕು ಎಂದು ಸರ್ಕಾರದೊಂದಿಗೆ ವರ್ಷಗಟ್ಟಲೆ ಜಗಳವಾಡಿ, ಈಗ ಅದರ ಓದಿನ ಯೋಜನೆಯಲ್ಲಿ ಯಾರಂಗದ ಹೆಂಗಸರಿಗೆ ಇಂಗ್ಲಿಷ್ ಓದಲು ಕಲಿಸುತ್ತಿದ್ದಳು.

ತರಗತಿಯ ಜಾಗಗಳು ಒಂದೊಂದೇ ಖಾಲಿಯಾಗುತ್ತಿದ್ದವು. ಮೂತ್ರಪಿಂಡ ಕೆಟ್ಟವರು ರಕ್ತ ಶುದ್ಧಿ ಮಾಡಿಸಿಕೊಳ್ಳಲು ದೂರದ ಪಟ್ಟಣಕ್ಕೆ ಹೋಗುತ್ತಿದ್ದರು. ಮರಳುತ್ತಿದ್ದುದು ಅವರ ಹೆಣ. ಕಾರಣ ಸಕ್ಕರೆ ಕಾಯಿಲೆ ಎಂದು ಊರಿನ ನರ್ಸ್ ಹೇಳಿದ್ದಳು. ಎಲ್ಲರೂ ನಂಬಿದ್ದರು.

ಅಂದು ಬೆಳಿಗ್ಗೆ ಡೆಲ್ಮಾ ಹೆಂಗಸರನ್ನು ಊರು ಸುತ್ತಿಸಿದಳು. ಕಣ್ಣಿಗೆ ಬಿದ್ದ ಅಕ್ಷರವನ್ನೆಲ್ಲ ಓದಬೇಕು. ಅಂಗಡಿಯ ಬಾಗಿಲು, ಪೆಟ್ರೋಲ್ ಪಂಪು, ಸಾರಾಯಿ ನಿಷೇಧದ ಫಲಕ, ಎಲ್ಲ ಮುಗಿಸಿ, ಊರಿಗೆಲ್ಲ ಕುಡಿಯುವ ನೀರು ಕೊಡುವ ಕೊಳವೆಬಾವಿಯ ಬೇಲಿಗೆ ಬಂದರು. ಪೊದೆಯ ಕೆಳಗೆ ಒಂದು ತಗಡಿನ ಹಲಗೆ ಮಗುಚಿ ಬಿದ್ದಿತ್ತು. ಹಾವಿದ್ದೀತೆಂದು ಐವಿ ಕೋಲಿನಿಂದ ಅದನ್ನು ಹೊರಳಿಸಿದಳು.

ಡೆಲ್ಮಾ ಒಂದೇ ನೋಟಕ್ಕೆ ಓದಿಬಿಟ್ಟಳು. ಐವಿಯ ತೋಳು ಹಿಡಿದು ಎಳೆದಳು.

"ನಡಿ ದೊಡ್ಡಮ್ಮ, ಬಿಸಿಲು ಏರ್ತಿದೆ."

"ತಡಿಯೇ! ಇದನ್ನ ನಾನೇ ಓದ್ತೀನಿ." ಐವಿ ಮಾಸಿದ ಬಣ್ಣದ ಮೇಲೆ ಬೆರಳಿಟ್ಟು ಸಾಗಿದಳು. "ಈ... ನೀರು... ಕುಡಿಯ... ಬಾರದು." ಗೆದ್ದವಳಂತೆ ತಲೆಯೆತ್ತಿದಳು. ಆಮೇಲೆ ಮತ್ತೆ ಬಗ್ಗಿದಳು. "ಶಿಶುಗಳಿಗೆ... ಕೊಡಬಾರದು."

ಮೊಮ್ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡಿದ್ದ ಲೆನೋರಾ, ಮಗುವಿನ ಕೈಯಲ್ಲಿದ್ದ ನೀರಿನ ಬಾಟಲಿಯನ್ನು ಮೆಲ್ಲಗೆ ಬಿಡಿಸಿಕೊಂಡಳು. ಮಗು ಅಳತೊಡಗಿತು.

ಡೆಲ್ಮಾ ರಾಜಧಾನಿಗೆ ಫೋನ್ ಮಾಡಿದಳು. ಓದಿನ ಯೋಜನೆಯ ಮುಖ್ಯಸ್ಥ ವಿಷಯವನ್ನೆಲ್ಲ ಕೇಳಿಸಿಕೊಂಡ. "ಅದು ಹಳೇ ಹಲಗೆ ಇರಬೇಕು ಡೆಲ್ಮಾ. ನಿಮ್ಮ ಹೊಸ ಪುಸ್ತಕದ ಬಿಡುಗಡೆಗೆ ಮಂತ್ರಿಗಳು ಊರಿಗೇ ಬರ್ತಿದ್ದಾರೆ. ಅದು ಮುಗೀಲಿ, ಆಮೇಲೆ ವಿಚಾರಿಸೋಣ. ಈಗ ಬಾಯಿಬಿಟ್ರೆ ಈ ತರಗತಿ ಉಳಿಯೋದು ಕಷ್ಟ."

ಅವನು ಬೆದರಿಸಲಿಲ್ಲ, ಸಮಾಧಾನದ ದನಿಯಲ್ಲೇ ಹೇಳಿದ. ಅದೇ ಅವಳಿಗೆ ಹೆಚ್ಚು ಭಯ ಹುಟ್ಟಿಸಿತು. ಇವನಿಗೆ ಮೊದಲೇ ಗೊತ್ತಿತ್ತೇ?

ಬಿಡುಗಡೆಯ ದಿನ ಮಂತ್ರಿ, ಕ್ಯಾಮೆರಾದವರು, ಬಿಳಿ ಮೇಜುಬಟ್ಟೆ, ಎಲ್ಲ ಬಂದವು. ಹೊಸದಾಗಿ ಓದಲು ಕಲಿತ ಹಿರಿಯಳೆಂದು ಐವಿ ಪುಸ್ತಕದ ಮೊದಲ ಪುಟ ಓದಬೇಕಿತ್ತು. ಡೆಲ್ಮಾ ಐವಿಯ ಕಿವಿಯಲ್ಲಿ, "ನಿಂಗೆ ಬೇಕಾದ್ದು ಓದು ದೊಡ್ಡಮ್ಮ. ತರಗತಿ ಹೋದ್ರೆ ಹೋಗ್ಲಿ," ಎಂದಳು.

ಹೆಂಗಸರು ಹಲಗೆಯನ್ನು ಎತ್ತಿ ತಂದು ಬಿಳಿ ಬಟ್ಟೆಯ ಮೇಲಿಟ್ಟರು. ಐವಿ ಬೆರಳಿಟ್ಟು, ತಡವರಿಸದೆ ಓದಿದಳು. ಆಮೇಲೆ ಕೇಳಿದಳು: "ಮಂತ್ರಿಯವ್ರೇ, ನಾನು ಸರಿಯಾಗಿ ಓದಿದ್ನಾ?"

ಮುಂದಿನ ವಾರದಿಂದ ನೀರಿನ ಲಾರಿ ಬರತೊಡಗಿತು. ಅಷ್ಟರಲ್ಲಿ ಯೋಜನೆಯಿಂದ ಡೆಲ್ಮಾಳನ್ನು ತೆಗೆದುಹಾಕಲಾಗಿತ್ತು. ಅವಳು ಊರು ಬಿಡಲಿಲ್ಲ; ಐವಿಯ ಜಗಲಿಯಲ್ಲೇ ಪಾಠ ಮುಂದುವರಿಸಿದಳು.

ಒಂದು ಮಧ್ಯಾಹ್ನ ನರ್ಸ್ ಅಲ್ಲಿಗೆ ಬಂದಳು. ಊರಿನ ಮಕ್ಕಳೆಲ್ಲರ ರಕ್ತ ಪರೀಕ್ಷೆಗೆ ಹೋಗಿತ್ತು; ಅದರ ವರದಿ ಅವಳ ಕೈಯಲ್ಲಿತ್ತು. ಅವಳು ಯಾರ ಮುಖವನ್ನೂ ನೋಡಲಿಲ್ಲ.

"ಚಿಕ್ಕವರನ್ನ ಇನ್ನೊಂದ್ಸಲ ಕರ್ಕೊಂಡು ಬನ್ನಿ," ಎಂದಳು. "ಇವತ್ತೇ."