ಮಾಬು, ಮಾಪು

ಪಟ್ಟಣದ ಕೋಟೆ ಬಿದ್ದ ಮೇಲೆ, ಒಳಗೆ ಫಿರಂಗಿ ಗುಂಡು ಎರಕ ಹೊಯ್ಯುತ್ತಿದ್ದ ಕಮ್ಮಾರರನ್ನೆಲ್ಲ ಇಂಗ್ಲಿಷರು ಹಿಡಿದು ಕೂಡಿಹಾಕಿದ್ದರು. ಶೀಳನೆರೆಯ ಕಾಳಪ್ಪನೂ ಅವರಲ್ಲಿ ಒಬ್ಬ. ಗಂಡನನ್ನು ಬಿಡಿಸಿಕೊಳ್ಳದೆ ಊರಿಗೆ ಕಾಲಿಡುವುದಿಲ್ಲ ಎಂದು ಹಟ ಹಿಡಿದು ಅವನ ಹೆಂಡತಿ ನಿಂಗಮ್ಮ ಕೋಟೆ ಬಾಗಿಲಿಗೆ ಬಂದಳು. ಅವಳ ಹಿಂದೆ ಅದೇ ಗೋಳಿನ ಹೆಂಗಸರು, ಮುದುಕರು, ನೆಂಟರು. ಬಯಲು ತುಂಬುವಷ್ಟು ಜನ.

ಬಾಗಿಲಲ್ಲಿ ಕೋವಿ ಹಿಡಿದ ಸಿಪಾಯಿಗಳ ಸಾಲು. ಮುಂದೆ ಒಬ್ಬ ಬಿಳಿಯ ದೊರೆ. ಬಿಸಿಲಿಗೆ ಬೆಂದು ಅವನ ಮೂತಿ ಕಾಸಿದ ಕಬ್ಬಿಣದ ಹಾಗೆ ಕೆಂಪಗಿತ್ತು. ಪಕ್ಕದಲ್ಲಿ ದುಭಾಷಿ ಸೋಮಯ್ಯ. ಇಷ್ಟು ಜನರನ್ನು ಕಂಡದ್ದೇ ತಡ, ದೊರೆ ಕೈ ಎತ್ತಿ ಕೂಗಿದ: "ಮಾಬ್! ಮಾಬ್!"

ನಿಂಗಮ್ಮನ ಎದೆ ಅರಳಿತು. ಇಷ್ಟು ವರ್ಷ ಕೋಟೆಯ ಸರದಾರರ ಬಾಯಲ್ಲಿ ಕೇಳಿದ ಮಾತಲ್ಲವೇ ಅದು! ತಪ್ಪು ಮನ್ನಿಸಿದಾಗ ಅವರು ಅನ್ನುತ್ತಿದ್ದದ್ದು ಮಾಫ್. ಬಿಳಿಯನಿಗೆ ನಾಲಿಗೆ ತಿರುಗಿಲ್ಲ, ಅಷ್ಟೆ.

"ಮಾಪು ಮಾಡ್ಬುಟ್ಟ ಕಣ್ರಪ್ಪೋ! ಬುಟ್ಬುಟ್ಟ! ಬರ್ರೋ!"

ಬಯಲಿಗೆ ಬಯಲೇ ಮುಂದಕ್ಕೆ ನುಗ್ಗಿತು. ಕೋವಿಗಳು ಮೇಲೆದ್ದವು. ಸೋಮಯ್ಯ ಎರಡೂ ಕೈ ಅಡ್ಡ ಹಿಡಿದು ಗಂಟಲು ಹರಿಯುವಂತೆ ಕಿರುಚಿದ: "ಮಾಪಲ್ಲ ಕಣವ್ವಾ! ದೊಂಬಿ ಅಂತಾವ್ನೆ! ಸುಟ್ಟಾಕ್ಬುಡ್ತಾರೆ!"

ಇವರನ್ನೆಲ್ಲ ಮುಂದಕ್ಕೆ ನುಗ್ಗಿಸಿದ್ದು ನಿಂಗಮ್ಮನದೇ ಬಾಯಿ. ಈಗ ನಿಲ್ಲಿ ಎಂದರೂ ಹಿಂದಿನವರು ನೂಕುತ್ತಲೇ ಇರುತ್ತಾರೆ. ಅವಳು ಕೋವಿಗಳಿಗೆ ಬೆನ್ನು ಕೊಟ್ಟು ತಿರುಗಿ, ಮಣ್ಣಿನಲ್ಲಿ ದೊಪ್ಪನೆ ಕೂತಳು.

"ಕುಂತ್ಕಳ್ರೋ! ನಿಮ್ ದಮ್ಮಯ್ಯ, ಕುಂತ್ಕಳ್ರೋ!"

ಕೈಗೆ ಸಿಕ್ಕವರ ಸೆರಗು, ಪಂಚೆ ಹಿಡಿದು ಎಳೆದಳು. ಮುಂದಿನವರು ಒಬ್ಬರ ಮೇಲೊಬ್ಬರು ಮುಗ್ಗರಿಸಿ ಕೂತರು. ಅವರನ್ನು ನೋಡಿ ಹಿಂದಿನವರೂ ಕೂತರು.

ದೊರೆ ಕೂತವರನ್ನು ಬಹಳ ಹೊತ್ತು ನೋಡಿದ. ಆಮೇಲೆ ದುಭಾಷಿಗೆ ಏನೋ ಹೇಳಿದ.

"ಈ ಪೀಪಲ್‌ಗೆ ಏನ್ ಬೇಕು ಅಂತಾವ್ನೆ," ಎಂದ ಸೋಮಯ್ಯ. "ಪೀಪಲ್ ಅಂದ್ರೆ ಜನ ಕಣವ್ವಾ."

"ನಿಂತ್ರೆ ದೊಂಬಿ, ಕುಂತ್ರೆ ಜನ್ವಾ?" ನಿಂಗಮ್ಮನಿಗೆ ಸಿಟ್ಟು ಉಕ್ಕಿತು. "ನಮ್ ಗಂಡಸ್ರನ್ನ ಬುಡು ಅನ್ನು."

ಕೋಟೆಯೇ ಬಿದ್ದ ಮೇಲೆ ಕಮ್ಮಾರರ ಭಯವೇನು ಅನ್ನಿಸಿತೋ ಏನೋ, ಹೊತ್ತು ಇಳಿಯುವಾಗ ಅವರನ್ನು ಬಿಟ್ಟರು. ಕಾಳಪ್ಪ ಕುಂಟುತ್ತಾ ಬಂದು ಹೆಂಡತಿಗೆ ಕೈ ಚಾಚಿದ.

"ಏಳಮ್ಮಿ, ಊರಿಗೆ ಓಗಾನ."

ನಿಂಗಮ್ಮ ಹಿಂದಿರುಗಿ ನೋಡಿದಳು. ಕೋವಿಗಳು ಇನ್ನೂ ಇಳಿದಿರಲಿಲ್ಲ. ಚಾಚಿದ ಕೈಯನ್ನು ಗಟ್ಟಿಯಾಗಿ ಹಿಡಿದು ಗಂಡನನ್ನೇ ಕೆಳಕ್ಕೆ ಎಳೆದಳು.

"ಮೊದ್ಲು ನೀನು ಕುಂತ್ಕ."